ಗೆಡ್ಡೆ ಅಂಕಲ್

ಜಯನಗರದ ಪ್ರತಿ ಬ್ಲಾಕಿಗೂ ಒಬ್ಬ ಗೆಡ್ಡೆ ಅಂಕಲ್ ಇರುತ್ತಾರೆ. ಗುರುತು ಹಿಡಿಯುವುದು ಸುಲಭ. ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರು, ತಲೆಗೆ ಮಂಕಿ ಕ್ಯಾಪು, ಉಗುರಿನ ಸಂದಿಯಲ್ಲಿ ಕೆಂಪುಮಣ್ಣು, ಕೈಯಲ್ಲಿ ಜವಳಿ ಅಂಗಡಿಯ ಹೆಸರು ಅರ್ಧ ಅಳಿಸಿಹೋದ ಬಟ್ಟೆಚೀಲ. ಮಾಧವನ್ ಪಾರ್ಕಿನ ಹತ್ತಿರ ಎದುರಾದರೆಂದು ನೀವು ‘ಚೆನ್ನಾಗಿದೀರಾ ಸಾರ್?’ ಎನ್ನುತ್ತೀರಿ. ಅವರು ‘ನಿಮ್ಮನೇಲಿ ಬಿಸಿಲು ಎಷ್ಟು ಹೊತ್ತು ಬೀಳುತ್ತೆ?’ ಎನ್ನುತ್ತಾರೆ. ಆರು ಗಂಟೆ ಎಂದಿರೋ, ಕೆಟ್ಟಿರಿ. ಚೀಲದೊಳಗಿಂದ ಹಳೇ ಪೇಪರಿನಲ್ಲಿ ಸುತ್ತಿದ ಸುಗಂಧರಾಜದ ಗೆಡ್ಡೆಗಳು ನಿಮ್ಮ ಅಂಗೈಗೆ ಇಳಿಯುತ್ತವೆ. ಎಷ್ಟು ಕೊಡಲಿ ಎಂದರೆ ಮುಖ ಸಪ್ಪಗಾಗುತ್ತದೆ. ‘ಛೆ ಛೆ, ಇದು ಮಾರೋ ವಸ್ತುವೇನ್ರೀ?’

ಮಾರಿದ್ದರೆ ವ್ಯವಹಾರ ಅಲ್ಲಿಗೇ ಮುಗಿಯುತ್ತಿತ್ತು. ಪುಕ್ಕಟೆ ಕೊಟ್ಟದ್ದರಿಂದ ಅಲ್ಲಿಂದ ಶುರುವಾಗುತ್ತದೆ.

ಸುಗಂಧರಾಜದ ಒಂದು ಗೆಡ್ಡೆ ಹೂ ಬಿಡುವುದು ಒಂದೇ ಸಲ. ಆಮೇಲೆ ಅದರ ಸುತ್ತ ಮರಿಗೆಡ್ಡೆಗಳು ತುಂಬಿಕೊಳ್ಳುತ್ತವೆ. ಮುಂದಿನ ಹೂವೆಲ್ಲ ಆ ಮರಿಗಳದ್ದು. ನಲವತ್ತು ವರ್ಷ ಠೇವಣಿಗಳ ನಡುವೆ ಬದುಕಿದವರಿಗೆ ಇದಕ್ಕಿಂತ ಪ್ರಿಯವಾದ ಸಸ್ಯ ಇನ್ನಾವುದಿದ್ದೀತು? ಅಸಲು ಕರಗುತ್ತದೆ, ಬಡ್ಡಿ ಅರಳುತ್ತದೆ. ಅಂಕಲ್ ಬಳಿ ಅದಕ್ಕೊಂದು ಲೆಡ್ಜರೂ ಇದೆ: ಯಾರಿಗೆ, ಯಾವ ತಾರೀಖು, ಯಾವ ತಳಿ, ಎಷ್ಟು ಗೆಡ್ಡೆ. ಕೊನೆಯ ಅಂಕಣದ ತಲೆಬರಹ ‘ಷರಾ’. ನನ್ನ ಎದುರುಮನೆಯವರ ಷರಾದಲ್ಲಿ ‘ನೀರು ಅತಿ, ಶ್ರದ್ಧೆ ಮಿತ’ ಎಂದಿರುವುದನ್ನು ನಾನೇ ನೋಡಿದ್ದೇನೆ. ವರ್ಷ ಕಳೆದ ಮೇಲೆ ಅಂಕಲ್ ವಸೂಲಿಗೆ ಬರುತ್ತಾರೆ. ‘ಎಲ್ಲ ಬೇಡ, ಒಂದು ಹಿಡಿ ಮರಿಗೆಡ್ಡೆ ಕೊಡಿ ಸಾಕು.’ ಆ ಹಿಡಿ ಇನ್ನೊಬ್ಬ ಅಮಾಯಕರ ಅಂಗೈಗೆ ಹೋಗುತ್ತದೆ. ಮೂರನೇ ಬ್ಲಾಕಿನಿಂದ ಹೊರಟ ಒಂದು ವಂಶ ಹೀಗೇ ಜೆ.ಪಿ. ನಗರ ಮುಟ್ಟಿದೆಯಂತೆ.

ತಪಾಸಣೆಗೆ ಹೊತ್ತುಗೊತ್ತಿಲ್ಲ. ಕಾಲಿಂಗ್ ಬೆಲ್ ಒತ್ತಿ, ಮನೆಯವರ ಯೋಗಕ್ಷೇಮ ಬಾಗಿಲಲ್ಲೇ ಮುಗಿಸಿ, ನೇರ ಬಾಲ್ಕನಿಗೆ ನಡೆಯುತ್ತಾರೆ. ಕುಂಡದ ಮಣ್ಣಿಗೆ ಬೆರಳು ಚುಚ್ಚುತ್ತಾರೆ. ನಾಟಿಗೆ ಎರಡು-ಮೂರು ಸೆಂಟಿಮೀಟರ್ ದಪ್ಪದ ಗೆಡ್ಡೆಯೇ ಆಗಬೇಕು, ಸಣ್ಣದು ಆ ವರ್ಷ ಎಲೆ ಮಾತ್ರ ಕೊಡುತ್ತದೆ ಎಂದು ಅವರು ಮೊದಲೇ ಹೇಳಿರುತ್ತಾರೆ, ನೀವು ಮರೆತಿರುತ್ತೀರಿ. ನೆಟ್ಟು ಮೂರು ತಿಂಗಳಾದರೂ ಕಡ್ಡಿ ಏಳದಿದ್ದರೆ ತಪ್ಪು ಗೆಡ್ಡೆಯದಲ್ಲ, ನಿಮ್ಮದು. ‘ಇಲ್ಲಿ ಮಹಾಗನಿ ನೆರಳು ಬೀಳುತ್ತಲ್ಲ, ಹೇಳಲೇ ಇಲ್ಲ?’ ಎಂದು, ಸಾಲಗಾರ ಆದಾಯ ಮುಚ್ಚಿಟ್ಟಾಗ ನೋಡುತ್ತಿದ್ದ ಅದೇ ನೋಟ.

ತಳಿಗಳ ಮಾತೆತ್ತಿದರೆ ಕುರ್ಚಿ ಎಳೆದುಕೊಳ್ಳುವುದು ಮೇಲು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ, ಸುವಾಸಿನಿ, ಪ್ರಜ್ವಲ್, ವೈಭವ್, ಎಲ್ಲರ ವಂಶಾವಳಿಯೂ ಬಾಯಿಪಾಠ. ‘ಪ್ರಜ್ವಲ್ ಅಂದ್ರೆ ಶೃಂಗಾರ ಮತ್ತು ಮೆಕ್ಸಿಕನ್ ಸಿಂಗಲ್ ಸಂಬಂಧ. ಮೊಗ್ಗಿನಲ್ಲಿ ಸ್ವಲ್ಪ ಗುಲಾಬಿ ಛಾಯೆ, ಅರಳಿದರೆ ಅಚ್ಚ ಬಿಳಿ.’ ಸ್ವಂತ ಮೊಮ್ಮಕ್ಕಳ ನಕ್ಷತ್ರ ಕೇಳಿದರೆ ಮಾತ್ರ ಒಳಗೆ ತಿರುಗಿ ‘ಏನೇ?’ ಎಂದು ಕೂಗುತ್ತಾರೆ.

2024ರ ಮಾರ್ಚಿನಲ್ಲಿ ನೀರಿಗೆ ಬರ ಬಂದು, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತಲ್ಲ, ಆಗ ಅಂಕಲ್ ಬಕೆಟ್ ಹಿಡಿದು ನಾಲ್ಕೂ ಮಹಡಿ ಹತ್ತಿಳಿದರು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಸೊಪ್ಪು ತೊಳೆದ ನೀರು. ಯಾರ ಮನೆಯಲ್ಲಿ ಇವತ್ತು ಏನು ಸಾರು ಎಂಬುದು ಕಟ್ಟಡಕ್ಕೆಲ್ಲ ಗೊತ್ತಾಗತೊಡಗಿದ್ದು ಆಗಲೇ. ಸತ್ಯ ಹೇಳಬೇಕೆಂದರೆ ನಮ್ಮ ಕಟ್ಟಡದಲ್ಲಿ ಗೆಡ್ಡೆ ಕೊಳೆಯದೆ ಉಳಿದ ವರ್ಷವೂ ಅದೇ. ನೀರಿಲ್ಲದೆ ಸುಗಂಧರಾಜವನ್ನು ಕೊಂದವರು ಕಡಿಮೆ. ಅಕ್ಕರೆಯಿಂದ ಸುರಿದು ಸುರಿದು ಕೊಳೆಸಿದವರೇ ಹೆಚ್ಚು.

ಇಷ್ಟೆಲ್ಲ ಬೆಳೆಸಿ ಹೂ ಕೀಳುತ್ತಾರೆಯೆ? ಅದೊಂದು ಬಿಟ್ಟು ಕೇಳಿ. ಕಡ್ಡಿಯಲ್ಲಿ ಮೊಗ್ಗು ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಗುರುವಾರ ಐದನೇ ಬ್ಲಾಕಿನ ರಾಯರ ಮಠಕ್ಕೆ ಹೊರಡುವಾಗ ಆಂಟಿ ಎರಡು ಕಡ್ಡಿ ಕೇಳಿದರೆ, ‘ತಡಿ, ಮೇಲಿನ ಮೊಗ್ಗು ಅರಳಲಿ.’ ಮೇಲಿನದು ಅರಳುವ ಹೊತ್ತಿಗೆ ಕೆಳಗಿನದು ಬಾಡಿರುತ್ತದೆ. ‘ಬಾಡಿದ್ದನ್ನ ದೇವರಿಗೆ ಕೊಡ್ತಾರೇನೇ?’ ಆಂಟಿ ನಾಲ್ಕನೇ ಬ್ಲಾಕಿನಲ್ಲಿ ಸುಗಂಧರಾಜ ಕೊಂಡುಕೊಂಡು ಮಠಕ್ಕೆ ಹೋಗುತ್ತಾರೆ.

ಈಚೆಗೆ ಅಂಕಲ್‌ಗೆ ಇನ್ನೊಂದು ನೆಪ ಸಿಕ್ಕಿದೆ. ಈ ಹೂವಿನ ತವರು ಮೆಕ್ಸಿಕೋ ಎಂಬುದಕ್ಕೆ ಅವರ ತಕರಾರಿರಲಿಲ್ಲ. ಅಲ್ಲಿಯದೇ ಮೆಣಸಿನಕಾಯಿ ಒಗ್ಗರಣೆಗೆ ಬಂದು ಕೂತಿರುವಾಗ ಹೂವಿಗೇನು ಮಡಿ? ಆದರೆ ಸಸ್ಯಶಾಸ್ತ್ರಜ್ಞರು ಸುಗಂಧರಾಜವನ್ನು ಪೋಲಿಯಾಂಥಿಸ್ ಕುಲದಿಂದ ತೆಗೆದು ಅಗಾವೆ ಕುಲಕ್ಕೆ, ಅಂದರೆ ನಮ್ಮ ಬೇಲಿಯ ಕತ್ತಾಳೆಯ ಮನೆಗೆ, ಸೇರಿಸಿದ್ದಾರೆಂದು ಮೊಮ್ಮಗ ಹೇಳಿದ. ಟಕೀಲಾ ಎಂಬ ಮದ್ಯ ತೆಗೆಯುವುದೂ ಅದೇ ಕುಲದ ಇನ್ನೊಂದು ಗಿಡದಿಂದ. ಮರುಗುರುವಾರವೇ ಅಂಕಲ್ ತೀರ್ಪು ಕೊಟ್ಟರು: ‘ಮಠಕ್ಕೆ ಬೇಡ ಕಣೇ, ಇದು ಹೆಂಡದ ಸಂಬಂಧ.’

‘ಹಾಗಾದ್ರೆ ಮನೇಲ್ಯಾಕೆ ಇಟ್ಕೊಂಡಿದೀರಿ?’ ಎಂದರು ಆಂಟಿ. ಲೆಡ್ಜರಿನಲ್ಲಿ ಇದಕ್ಕೆ ಅಂಕಣವಿರಲಿಲ್ಲ.

ಇಷ್ಟಾದರೂ ರಾತ್ರಿ ಎಂಟರ ಮೇಲೆ ಅವರು ಟೆರೇಸಿಗೆ ಕರೆದರೆ ಹೋಗದೆ ಇರಲಾಗುವುದಿಲ್ಲ. ಕತ್ತಲಾದಷ್ಟೂ ಈ ಹೂವಿನ ಪರಿಮಳ ಏರುತ್ತದೆ. ರಾತ್ರಿ ಹಾರುವ ಪತಂಗಗಳನ್ನು ಕರೆಯುವ ಏರ್ಪಾಡು ಅದು. ಪತಂಗ ಬರುವುದಕ್ಕೆ ಮುಂಚೆ ಅಸೋಸಿಯೇಷನ್ ಕಾರ್ಯದರ್ಶಿ ಬಂದು, ಕುಂಡಗಳಿಂದ ಟೆರೇಸು ಸೋರುತ್ತಿದೆ ಎಂದು ದೂರಿ, ಹೋಗುವಾಗ ಪೇಪರಿನ ಪೊಟ್ಟಣವೊಂದನ್ನು ಜೇಬಿಗಿಟ್ಟುಕೊಂಡು ಹೋದದ್ದೂ ಉಂಟು.

ಆದ್ದರಿಂದ, ಆ ಕಡೆ ವಾಕಿಂಗ್ ಹೋಗುವವರಲ್ಲಿ ವಿನಂತಿ: ಗೆಡ್ಡೆ ಕೊಟ್ಟರೆ ಧಾರಾಳವಾಗಿ ತೆಗೆದುಕೊಳ್ಳಿ, ಬೆಂಗಳೂರಿನ ಕೆಂಪುಮಣ್ಣಿಗೆ ಚೆನ್ನಾಗಿ ಬರುತ್ತದೆ. ಮನೆ ನಂಬರ್ ಮಾತ್ರ ಹೇಳಬೇಡಿ.