ಚಾಟ್ನಿ ತಾರೀಖು

ಐಗಳಿ ಕ್ರಾಸಿನ ಚಾದಂಗಡಿಯಲ್ಲಿ ಒಂದು ಕಪ್ ಚಾ ಆರುವಷ್ಟು ಹೊತ್ತು ಕೂತರೆ ಸಾಕು, ನೀವು ಅರ್ಧ ದ್ರಾಕ್ಷಿ ಪಂಡಿತರಾಗಿ ಏಳುತ್ತೀರಿ. ಯಾರ ತೋಟದ ಎಪ್ರಿಲ್ ಚಾಟ್ನಿ ಯಾವ ತಾರೀಖಿಗೆ ಆಯಿತು, ಎಷ್ಟನೇ ದಿನಕ್ಕೆ ಕಣ್ಣು ಒಡೆಯಿತು, ಯಾವ ಔಷಧಿ ಹೊಡೆದ ಮಾರನೇ ದಿನವೇ ಮಳೆ ಬಂತು, ಎಲ್ಲ ಅಲ್ಲಿ ಬಾಯಿಪಾಠ. (ಬೆಂಗಳೂರಿನ ಓದುಗರು ಗಾಬರಿಯಾಗಬಾರದು. ಚಾಟ್ನಿ ಅಂದರೆ ಇಡ್ಲಿಗೆ ಹಚ್ಚಿಕೊಳ್ಳುವ ಪದಾರ್ಥವಲ್ಲ, ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ. ಮರಾಠಿ ಕಡೆಯಿಂದ ಕತ್ತರಿಯ ಜತೆಗೇ ಬಂದ ಮಾತು.)

ಅಲ್ಲಿ ನನಗೆ ಊರ ನಾತೆಯಲ್ಲಿ ಒಬ್ಬ ಕಾಕಾ ಇದ್ದಾನೆ. ನಿಜ ಹೇಳಬೇಕೆಂದರೆ ನಾಲ್ಕೈದು ಜನರನ್ನು ಕೂಡಿಸಿ ಈ ಕಾಕಾನನ್ನು ಮಾಡಿಕೊಂಡಿದ್ದೇನೆ. ಒಬ್ಬನ ಹೆಸರು ಹೇಳಿದರೆ ಉಳಿದವರಿಗೆ ಬೇಜಾರು. ಕಾಕಾನ ಬಗಲಚೀಲದಲ್ಲಿ ಯಾವಾಗಲೂ ಒಂದು ಡೈರಿ. ಹೆಂಡತಿ ಹುಟ್ಟಿದ ದಿನ ಅದರಲ್ಲಿ ಇಲ್ಲ, ಮಗನ ಲಗ್ನದ ದಿನವೂ ಇಲ್ಲ. ಹತ್ತು ವರ್ಷದ ಚಾಟ್ನಿ ತಾರೀಖು ಮಾತ್ರ ತಪ್ಪದೆ ಇದೆ.

ಡೈರಿ ಯಾಕೆ ಬೇಕು ಅಂತ ಕೇಳಿದರೆ ಕಾಕಾ ಪಾಠ ಶುರು ಮಾಡುತ್ತಾನೆ. ದ್ರಾಕ್ಷಿ ಥಂಡಿ ದೇಶದ ಬಳ್ಳಿ. ಅಲ್ಲಿ ಚಳಿಗಾಲ ಬಂದರೆ ತಾನಾಗಿಯೇ ಎಲೆ ಉದುರಿಸಿ ಮಲಗುತ್ತದೆ. ಅಥಣಿ ತಾಲೂಕಿನ ಬಿಸಿಲಿನಲ್ಲಿ ಅದಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಹೀಗಾಗಿ ನಮ್ಮಲ್ಲಿ ವರ್ಷಕ್ಕೆ ಕತ್ತರಿ ಎರಡು ಸಲ, ಬೆಳೆ ಒಂದೇ ಸಲ. ಎಪ್ರಿಲ್ಲಿನ ಚಾಟ್ನಿ ಕಡ್ಡಿಗಾಗಿ, ಅಕ್ಟೋಬರಿನದು ಕಾಯಿಗಾಗಿ. ನಡುವಿನ ಆರು ತಿಂಗಳು ಬಳ್ಳಿಯಿಂದ ಒಂದು ಕಾಳನ್ನೂ ಕೇಳುವಂತಿಲ್ಲ. ಆಗ ಅದು ತನ್ನ ಮೈ ತಾನು ಕಟ್ಟಿಕೊಳ್ಳಬೇಕು. ಮುಂದಿನ ಹಂಗಾಮಿನ ಗೊನೆ ಕಣ್ಣಿನೊಳಗೆ ಮೂಡುವುದೇ ಆಗ. ಅವಸರ ಮಾಡಿದರೆ ಗೊನೆ ಬರಬೇಕಾದ ಜಾಗದಲ್ಲಿ ಬರೀ ಕುಡಿಬಳ್ಳಿ ಸುರುಳಿ ಸುತ್ತಿಕೊಂಡು ನಿಲ್ಲುತ್ತದೆ. ಇನ್ನು ಮಣೂಕ (ಒಣದ್ರಾಕ್ಷಿ) ಮಾಡಿ ತಾಸಗಾಂವ ಪೇಟೆಗೆ ಕಳಿಸಿದ ಮೇಲೆ ಮೂರು ನಾಲ್ಕು ವಾರ ಕಾಕಾ ಬಳ್ಳಿಗೆ ಕತ್ತರಿ ತಾಗಿಸುವುದೇ ಇಲ್ಲ.

"ಹಡದ ಬಾಣಂತಿ ಇದ್ದಂಗ ತಮ್ಮಾ ಅದು. ದಮ್ಮ ತಗೋಬೇಕು. ಇಲ್ಲಂದ್ರ ಬಳ್ಳಿ ಸೋತ ಹೋಕ್ಕೈತಿ."

ಈ ಉಪಮೆ ಕಾಕಾನದು. ನನ್ನ ತಲೆಗೆ ಕಟ್ಟಬೇಡಿ.

ಅದೇ ಉಸಿರಿನಲ್ಲಿ ಕಾಕಾ ಇನ್ನೊಂದು ಸುದ್ದಿ ಹೇಳಿದ. ಜೂನ್ ತಿಂಗಳು, ಕಾರಹುಣ್ಣಿಮೆ ಹತ್ತಿರ ಬಂದಿತ್ತು. "ಅಂದಂಗ ತಮ್ಮಾ, ಸೊಸಿಗೆ ಮತ್ತ ಮೂರು ತಿಂಗಳಾ."

"ಮೊದಲನೇ ಕೂಸಿಗೆ ಈಗ ಎಷ್ಟ ತಿಂಗಳ್ರಿ ಕಾಕಾ?"

"ಅಂಬೆಗಾಲ ಇಡಾಕತ್ತೈತಿ."

"ಡೈರ್‍ಯಾಗ ಬರದೀರೇನು?"

"ಅದಕ್ಯಾತರ ಡೈರಿ? ಅದು ದೇವರ ಕೊಟ್ಟಿದ್ದು."

ದೇವರ ಕಾರಭಾರ ನೋಡಿ. ದ್ರಾಕ್ಷಿಯ ಖಾತೆಯನ್ನು ಪೂರ್ತಿ ಕಾಕಾನಿಗೆ ಒಪ್ಪಿಸಿ ಸೊಸೆಯ ಬಸಿರಿನ ಖಾತೆಯನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡಿದ್ದಾನೆ. ಎತ್ತಿಗಾದರೂ ನಮ್ಮ ಕಡೆ ಸೋಮವಾರ ನೊಗ ಹೂಡುವುದಿಲ್ಲ, ಬಸವಣ್ಣನ ವಾರ ಅಂತ. ಸೊಸೆಗೆ ಯಾವ ವಾರ ಎಂದು ಪಂಚಾಂಗದವರು ಇನ್ನೂ ಬರೆದಿಲ್ಲ.

ಹಾಗಂತ ಅಂತರದ ಬಗ್ಗೆ ನಮ್ಮ ಹಿರಿಯರು ಏನೂ ಯೋಚಿಸಲಿಲ್ಲ ಎನ್ನುವಂತಿಲ್ಲ. ಒಂದು ಸಾಧನ ಕೊಟ್ಟಿದ್ದರು: ತವರುಮನಿ. ಚೊಚ್ಚಲ ಹೆರಿಗೆಗೆ ಕುಬಸ ಮಾಡಿಸಿಕೊಂಡು ಹೋದ ಹುಡುಗಿ ಕೂಸಿಗೆ ಐದು ತಿಂಗಳು ತುಂಬುವ ತನಕ ಅಲ್ಲೇ. ಅಳವಿ ಪಾಯಸ, ಅಂಟಿನ ಉಂಡಿ, ಬಿಸಿನೀರು, ನಡುವಿಗೆ ಸೀರೆ ಕಟ್ಟು. ಗಂಡ ವಾರಕ್ಕೊಮ್ಮೆ ಬಂದು ಕೂಸಿನ ಮುಖ ನೋಡಿ, ಮಾವನ ಎದುರು ಚಾ ಕುಡಿದು, ಹೊರಳಿ ಹೋಗಬೇಕು. ಇದಕ್ಕಿಂತ ಗಟ್ಟಿ ಗರ್ಭನಿರೋಧಕ ಇಲ್ಲ. ಎರಡು ಊರಿನ ನಡುವೆ ಬಸ್ಸು ಕಡಿಮೆ ಇದ್ದಷ್ಟೂ ಪರಿಣಾಮ ಹೆಚ್ಚು.

ಆದರೆ ಫೆಬ್ರುವರಿಯಲ್ಲಿ ದ್ರಾಕ್ಷಿ ಹಣ್ಣಾಗುತ್ತದೆ. ಗೊನೆ ಕೊಯ್ಯಲು, ದ್ರಾವಣದಲ್ಲಿ ಅದ್ದಲು, ಶೆಡ್ಡಿನ ಬಲೆಯ ಮೇಲೆ ಹರವಲು, ಒಣಗಿದ ಮಣೂಕ ಆರಿಸಲು ಕೈ ಬೇಕು. ಆಳು ಸಿಗುವುದಿಲ್ಲ, ಸಿಕ್ಕರೆ ಪಗಾರ ಮುಗಿಲಿಗೆ. ಆಗ ಕಾಕಿಗೆ ಒಮ್ಮಿಂದೊಮ್ಮೆಲೆ ಮೊಮ್ಮಗನ ನೆನಪು ಉಕ್ಕಿ ಬರುತ್ತದೆ. "ಕೂಸಿನ ಮಾರಿ ನೋಡದ ಕಣ್ಣ ಹೋದಂಗ ಆಗ್ಯಾವ್ರಿ ಬೀಗರ, ಲಗೂ ಕಳಸ್ರಿ." ಕೂಸು ಬರುತ್ತದೆ. ಕೂಸಿನ ಜತೆಗೆ ಎರಡು ಕೈಯೂ ಬರುತ್ತವೆ.

ಕೂಸಿನ ಮಾರಿಯನ್ನು ಕಾಕಿ ನೋಡುತ್ತಾಳೆ, ಬಾಟಲಿ ಹಾಲು ಹಾಕುತ್ತಾಳೆ. ಸೊಸೆ ಶೆಡ್ಡಿನಲ್ಲಿರುತ್ತಾಳೆ. ಮನೆಯ ಎಲ್ಲರಿಗೂ ಒಂದು ಧೈರ್ಯ: "ಹಾಲ ಕುಡಸೂತನಕಾ ಹೊಟ್ಟಿ ನಿಂದರೂದಿಲ್ಲ." ಮಾತು ಪೂರ್ತಿ ಸುಳ್ಳಲ್ಲ. ವಿಮಾ ಕಂಪನಿಯವರ ಕರಾರಿನಂತೆ ಅದಕ್ಕೂ ಕೆಳಗೆ ಸಣ್ಣ ಅಕ್ಷರದಲ್ಲಿ ಷರತ್ತುಗಳಿವೆ. ಕೂಸಿಗೆ ಆರು ತಿಂಗಳು ಆಗಿರಬಾರದು. ಮುಟ್ಟು ಮರಳಿ ಬಂದಿರಬಾರದು. ಹಗಲು ರಾತ್ರಿ ಎದೆಹಾಲಲ್ಲದೆ ಬೇರೇನೂ ಕೊಟ್ಟಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಪಾಲಿಸಿ ರದ್ದು. ಬಾಟಲಿ ಬಾಯಿಗೆ ಬಂದ ದಿನವೇ ಇಲ್ಲಿ ಅದು ರದ್ದಾಗಿತ್ತು. ಮಾರ್ಚ್‌ನಲ್ಲಿ ಹೊಟ್ಟೆ ನಿಂತಿತು. ಆ ವರ್ಷದ ಮಣೂಕಕ್ಕೆ ರೇಟು ಚಲೋ ಸಿಕ್ಕಿತಂತೆ, ಕಾಕಾ ಅದನ್ನು ಡೈರಿಯಲ್ಲಿ ಬರೆದುಕೊಂಡಿದ್ದಾನೆ.

2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಜಿನೀವಾದಲ್ಲಿ ಕೂಡಿ ಇದೇ ಲೆಕ್ಕ ಹಾಕಿದ್ದರು. ಒಂದು ಹೆರಿಗೆ ಆದ ಮೇಲೆ ಇನ್ನೊಂದು ಗರ್ಭಕ್ಕೆ ಕೈ ಹಾಕುವ ಮೊದಲು ಕನಿಷ್ಠ 24 ತಿಂಗಳು ಬಿಡಿ, ಗರ್ಭ ಇಳಿದಿದ್ದರೆ ಕನಿಷ್ಠ 6 ತಿಂಗಳು ಬಿಡಿ ಎಂದರು. ಅವಸರವಾದರೆ ತಾಯಿಯ ಮೈಯಲ್ಲಿ ಕಬ್ಬಿಣದ ಅಂಶ ಮರಳಿ ತುಂಬಿರುವುದಿಲ್ಲ, ಕೂಸು ದಿನ ತುಂಬುವ ಮೊದಲೇ ಹುಟ್ಟಬಹುದು, ತೂಕ ಕಡಿಮೆ ಇರಬಹುದು. ಸಿಜೇರಿಯನ್ ಆಗಿದ್ದರಂತೂ ಗರ್ಭಕೋಶದ ಹೊಲಿಗೆ ಬಿಚ್ಚಿಕೊಳ್ಳುವ ಭಯ. ಕಾಕಾ ಬಳ್ಳಿಯ ವಿಷಯದಲ್ಲಿ ಹೇಳುವುದೂ ಇದನ್ನೇ, ಇನ್ನೂ ಚೆಂದಾಗಿ ಹೇಳುತ್ತಾನೆ. ಅವನನ್ನು ಜಿನೀವಾಕ್ಕೆ ಕಳಿಸಿದ್ದರೆ ಸಭೆ ಒಂದೇ ತಾಸಿನಲ್ಲಿ ಮುಗಿಯುತ್ತಿತ್ತು.

ಸರಕಾರ ಸುಮ್ಮನೆ ಕೂತಿಲ್ಲ. ಅದು ಅಂತರಕ್ಕೆ ರೇಟು ಕಟ್ಟಿದೆ. 2012ರ ಕೇಂದ್ರದ ಯೋಜನೆಯ ಪ್ರಕಾರ ಲಗ್ನವಾದ ಎರಡು ವರ್ಷದ ತನಕ ಮೊದಲ ಕೂಸು ಬೇಡ ಎಂದು ದಂಪತಿಯನ್ನು ಒಪ್ಪಿಸಿದರೆ ಆಶಾ ಕಾರ್ಯಕರ್ತೆಗೆ 500 ರೂಪಾಯಿ, ಮೊದಲ ಕೂಸಿನ ನಂತರ ಮೂರು ವರ್ಷದ ಅಂತರ ಇಡಿಸಿದರೆ ಇನ್ನೊಂದು 500. ಅಂದರೆ ಮೂರು ವರ್ಷ ಒಂದು ಮನೆಯ ಅತ್ತೆ, ಮಾವ, ಗಂಡ, ಗಂಡನ ಅಕ್ಕ, ಮನೆದೇವರು ಎಲ್ಲರನ್ನೂ ತಡೆದು ಹಿಡಿಯುವುದಕ್ಕೆ ಐದು ನೂರು. ಆ ದುಡ್ಡಿನಲ್ಲಿ ಕಾಕಾನ ಒಂದು ಎಕರೆಗೆ ಒಂದು ಸಲದ ಔಷಧಿ ಹೊಡೆತವೂ ಮುಗಿಯುವುದಿಲ್ಲ.

ಆದರೂ ಆಶಾ ಅಕ್ಕ ಹೋಗುತ್ತಾಳೆ. ಈ ಹೊಟ್ಟೆ ನಿಲ್ಲುವ ಮೊದಲು ಕಾಕಾನ ಮನೆಗೂ ಹೋಗಿದ್ದಳು. ತಾಯಿ ಕಾರ್ಡು ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಕೂತಿದ್ದಳು. ಪ್ರಶ್ನೆ ಸೊಸೆಗೆ, ಉತ್ತರ ಕಾಕಿಯದು.

"ತಂಗಿ, ಕಾಪರ್-ಟಿ ಹಾಕಿಸ್ಕೋತಿ ಏನವಾ? ಹಡದ 48 ತಾಸಿನ ಒಳಗ ದವಾಖಾನ್ಯಾಗ ಹಾಕ್ತಿದ್ರು, ಆಗ ಒಲ್ಲೆ ಅಂದಿ. ಈಗೂ ಬರತೈತಿ."

"ಬ್ಯಾಡವ್ವಾ, ಅದು ಎದಿಗೆ ಏರತೈತಂತ."

"ಅಂತರಾ ಇಂಜೆಕ್ಷನ್ ಐತಿ, ಮೂರು ತಿಂಗಳಿಗೊಮ್ಮೆ."

"ಅದನ್ನ ಮಾಡಿಸ್ಕೊಂಡ್ರ ಮುಟ್ಟ ನಿಲ್ಲತೈತಂತ. ಹೊಲಸ ರಕ್ತ ಎಲ್ಲಿ ಹೋಗಬೇಕು?"

"ಛಾಯಾ ಗುಳಿಗಿ ಐತ್ರಿ. ಮೊದಲ ಮೂರು ತಿಂಗಳು ವಾರಕ್ಕ ಎರಡು, ಆಮ್ಯಾಲ ವಾರಕ್ಕ ಒಂದು. ಎದಿಹಾಲಿಗೆ ಏನೂ ಆಗೂದಿಲ್ಲ."

"ಗುಳಿಗಿ ತಿಂದ್ರ ಉಷ್ಣ."

ದ್ರಾಕ್ಷಿಗೆ ಹಂಗಾಮಿನಲ್ಲಿ ಎಷ್ಟು ಸಲ ಯಾವ ಯಾವ ರಾಸಾಯನಿಕ ಹೊಡೆಯುತ್ತಾರೆ ಅನ್ನುವುದು ಕಾಕಿಗೂ ಗೊತ್ತು. ಅಲ್ಲಿ ಉಷ್ಣದ ಮಾತು ಬರುವುದಿಲ್ಲ. ಅಂತರಾ ಮತ್ತು ಛಾಯಾ 2017ರಿಂದ ಸರಕಾರಿ ದವಾಖಾನೆಗಳಿಗೆ ಪುಕ್ಕಟೆ ಬಂದಿವೆ. ಪುಕ್ಕಟೆ ಬಂದದ್ದೇ ತಪ್ಪಾಯಿತೋ ಏನೋ. ಸಾಂಗಲಿ ಪೇಟೆಯಿಂದ ದುಬಾರಿ ಬಾಟಲಿಯಲ್ಲಿ ತಂದು, ಅಂಗಡಿಯವನು "ಹೊಸಾ ಟೆಕ್ನಿಕ್ ರೀ ಸಾಹೇಬ್ರ" ಅಂದಿದ್ದರೆ ನಂಬಿಕೆ ಹುಟ್ಟುತ್ತಿತ್ತು.

ಅಷ್ಟೂ ಮಾತಿನ ನಡುವೆ ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಆಶಾ ಅಕ್ಕ ತಾನು ತಂದ ಕಾರ್ಡಿನ ಮೇಲೆ ಬರೆಯಲು ಪೆನ್ನು ಕೇಳಿದಾಗ ಒಳಗೆ ಹೋಗಿ ತಂದುಕೊಟ್ಟಳು. ನಿರ್ಣಯದಲ್ಲಿ ಆಕೆಯ ಪಾಲು ಅಷ್ಟೇ.

ಕಾಕಿಯನ್ನು ಬೈದು ಈ ಬರಹ ಮುಗಿಸುವುದು ಸುಲಭ, ಆದರೆ ಅನ್ಯಾಯ. ಆಕೆಯ ಹಿಂದೆ ಒಂದು ಪೂರ್ತಿ ಶಾಸ್ತ್ರ ಇದೆ, ಅದನ್ನು ಆಕೆಗೆ ಕಲಿಸಿದ್ದು ಸರಕಾರವೇ. "ಲಗೂ ಲಗೂ ಎರಡ ಆಗಿಬಿಡಲಿ, ಆಪರೇಶನ್ ಮಾಡಿಸಿಬಿಡೂನು, ಒಂದ ಕಟಕಟಿ ಮುಗೀತು." ಜೆಸಿಬಿ ಬಾಡಿಗೆಗೆ ಬಂದ ಮೇಲೆ ಒಡ್ಡೂ ಹಾಕಿಸು, ಬಾವಿಯ ಹೂಳೂ ತೆಗೆಸು ಎನ್ನುವಂಥ ಲೆಕ್ಕ. ಗೋಡೆಯ ಮೇಲೆ ಕೆಂಪು ತ್ರಿಕೋನ ಬರೆದ ಕಾಲದಿಂದ ಇಲಾಖೆ ಹೆಚ್ಚಾಗಿ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು? ಯಾವಾಗ ಎಂದು ಕೇಳಿದ್ದು ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಅಧಿಕಾರಿಗಳು ಶಾಲು ಹೊದಿಸಿಕೊಳ್ಳುವಂಥ ಅಂಕಿ. ಅದೇ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 57 ಜನರಿಗೆ ಆಪರೇಶನ್ ಆಗಿದೆ. ಗುಳಿಗೆ, ಇಂಜೆಕ್ಷನ್, ಕಾಪರ್-ಟಿ, ನಿರೋಧ್ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೂ ನೂರಕ್ಕೆ ಹತ್ತು ಹನ್ನೊಂದು. ಅಂದರೆ ನಮ್ಮ ಹೆಣ್ಣುಮಕ್ಕಳಿಗೆ ಇರುವುದು ಎರಡೇ ಸ್ಥಿತಿ: ಒಂದೋ ಬಸುರಿ, ಇಲ್ಲವೇ ಆಪರೇಶನ್ ಆದಾಕಿ. ನಡುವೆ ಉಸಿರಾಡುವ ಜಾಗ ಇಲ್ಲ. ರಕ್ತಹೀನತೆಯ ಸಾಲಿನಲ್ಲಿ ನೂರಕ್ಕೆ 48 ಹೆಂಗಸರು ನಿಂತಿದ್ದಾರೆ, ಅದಕ್ಕೆ ಯಾರೂ ಶಾಲು ತರುವುದಿಲ್ಲ.

ಎರಡಕ್ಕೇ ಮುಗಿಯುತ್ತದೆಯೇ ಎಂದರೆ, ಅದೂ ಯಾವ ಎರಡು ಎನ್ನುವುದರ ಮೇಲೆ. "ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ" ಎಂದು ಹೇಳಿದವರು ಆರತಿಗೇ ಇಬ್ಬರು ಬಂದರೆ ಏನು ಮಾಡಬೇಕೆಂದು ಹೇಳಲಿಲ್ಲ. ಆಗ ಆಪರೇಶನ್ ಮುಂದಕ್ಕೆ, ಕೀರ್ತಿ ಬರುವ ತನಕ ಕಾಯುವುದು. ಕಾಯುವುದು ಅಂದರೆ ಸುಮ್ಮನೆ ಕಾಯುವುದಲ್ಲ. ಸಾಂಗಲಿ ದಾಟಿದರೆ ಸಾತಾರಾ ಜಿಲ್ಲೆ. ಅಲ್ಲಿ ಹೀಗೆ ಹುಟ್ಟಿದ ಹುಡುಗಿಯರಿಗೆ ನಕುಶಾ, ಅಂದರೆ ಬೇಡವಾದವಳು ಎಂದು ಹೆಸರಿಡುತ್ತಿದ್ದರು. 2011ರಲ್ಲಿ ಅಂಥ 280ಕ್ಕೂ ಹೆಚ್ಚು ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ನಮ್ಮ ಕಡೆಯ ಸಾಕವ್ವಗಳಿಗೆ ಆ ಭಾಗ್ಯವೂ ಬರಲಿಲ್ಲ.

ಇದೆಲ್ಲ ಹೊಸ ಜ್ಞಾನ, ಹಳ್ಳಿಗೆ ಇನ್ನೂ ಮುಟ್ಟಿಲ್ಲ ಎನ್ನುವವರಿಗೆ ಒಂದು ಮಾತು. ನಮ್ಮ ಅಥಣಿ ಮುಂಬಯಿ ಇಲಾಖೆಯಲ್ಲಿದ್ದಾಗಲೇ, 1921ರಲ್ಲಿ, ರಘುನಾಥ ಧೋಂಡೊ ಕರ್ವೆ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು. ಗಣಿತದ ಪ್ರಾಧ್ಯಾಪಕರು. ಪಾಪ, ನೌಕರಿ ಹೋಯಿತು, ಕೋರ್ಟಿನ ಕಟ್ಟೆ ಹತ್ತಿದರು, 1934ರಲ್ಲಿ ಅವರ ಪರ ವಾದಿಸಿದವರು ಅಂಬೇಡ್ಕರ್. ಕೆಳಗೆ ಮೈಸೂರು ಸರಕಾರ 1930ರಲ್ಲೇ ಸರಕಾರಿ ಆಸ್ಪತ್ರೆಗಳಲ್ಲಿ ಇಂಥ ಕ್ಲಿನಿಕ್ಕಿಗೆ ಅಪ್ಪಣೆ ಕೊಟ್ಟಿತ್ತು. ಎರಡೂ ಕಡೆಯಿಂದ ಹೊರಟ ಸುದ್ದಿ ನೂರು ವರ್ಷವಾದರೂ ಐಗಳಿ ಕ್ರಾಸಿಗೆ ಬಂದು ಇಳಿದಿಲ್ಲ. ಅದೇ ರಸ್ತೆಯಲ್ಲಿ ಮಹಾರಾಷ್ಟ್ರದ ಚಾಟ್ನಿ ತಂತ್ರ ಮಾತ್ರ ಹೇಗೆ ಬಂತೋ.

ಕಾಕಾನ ಮಗನ ಬಗ್ಗೆ ಇಷ್ಟೊತ್ತು ಒಂದು ಅಕ್ಷರ ಬರೆದಿಲ್ಲ, ಗಮನಿಸಿದಿರಾ? ಯಾರೂ ಗಮನಿಸುವುದಿಲ್ಲ. ಕೂಸು ದೇವರದು, ಅಂತರ ಸರಕಾರದ್ದು, ಆಪರೇಶನ್ ಹೆಂಡತಿಯದು. ಆತನಿಗೆ ಪಾಪ ಮಾಡಲು ಏನೂ ಉಳಿದಿಲ್ಲ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಗಂಡಸರ ಆಪರೇಶನ್ನಿನ ಅಂಕಿ ಸೊನ್ನೆಗೆ ಅಂಟಿಕೊಂಡಿದೆ. ಹೊಲಿಗೆ ಇಲ್ಲ, ಕಾಲು ತಾಸಿನ ಕೆಲಸ, ಅದೇ ದಿನ ಮನೆಗೆ ಬರಬಹುದು, ಸರಕಾರ ಕೊಡುವ ದುಡ್ಡೂ ಹೆಂಗಸರಿಗಿಂತ ಹೆಚ್ಚು. ಇದನ್ನು ಚಾದಂಗಡಿಯಲ್ಲಿ ಹೇಳಿ ನೋಡಿ. ಕೂತವರೆಲ್ಲ ಒಮ್ಮೆಲೇ ಎದ್ದು ಸ್ಕೂಟರಿನ ಕಿಕ್ ಹುಡುಕುತ್ತಾರೆ. "ಗಂಡಸಿನ ಶಕ್ತಿ ಹೋಕ್ಕೈತಿ, ಭಾರ ಎತ್ತೂದು ಆಗೂದಿಲ್ಲ." ಮಣೂಕದ ಬಾಕ್ಸುಗಳನ್ನು ಲಾರಿಯ ತನಕ ಎತ್ತುತ್ತಿದ್ದವರು ಯಾರೆಂದು ನಾನು ಫೆಬ್ರುವರಿಯಲ್ಲಿ ನೋಡಿದ್ದೇನೆ.

ಹೋಗಲಿ, ಆಪರೇಶನ್ ಬೇಡ, ಅಂತರಕ್ಕೆ ನಿರೋಧ್ ಆದರೂ? ಆಶಾ ಅಕ್ಕನ ಚೀಲದಲ್ಲಿ ಇರುತ್ತದೆ. ಆದರೆ ಅದನ್ನು ಹೆಂಗಸಿನ ಕೈಯಿಂದ ಇಸಕೊಳ್ಳಲು ಮಗನಿಗೆ ನಾಚಿಕೆ. ಹದಿನಾಲ್ಕು ತಿಂಗಳಿಗೆ ಎರಡನೇ ಕೂಸಿಗೆ ಪೇಢೆ ಹಂಚುವುದಕ್ಕೆ ನಾಚಿಕೆ ಇಲ್ಲ.

ಕಾಕಾನಿಗೆ ಒಂದು ತಾರೀಖು ಹೇಳಿದೆ, ಡೈರಿಯಲ್ಲಿ ಬರೆದುಕೊಳ್ಳಲಿ ಅಂತ. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರ ತನಕ ಆರೋಗ್ಯ ಇಲಾಖೆ ಗಂಡಸರ ಆಪರೇಶನ್ನಿಗೆಂದೇ ಪಕ್ಷಾಚರಣೆ ನಡೆಸುತ್ತದೆ. ಕಾಕಾ ಬೆರಳು ಮಡಚಿ ಲೆಕ್ಕ ಹಾಕಿದ. ಅಕ್ಟೋಬರ್ ಎರಡನೇ ವಾರಕ್ಕೆ ಚಾಟ್ನಿ ಆದರೆ ನಲವತ್ತು ದಿನಕ್ಕೆ ಹೂವು.

"ಆಗ ಆಗೂದಿಲ್ಲ ತಮ್ಮಾ. ಬಳ್ಳಿ ಹೂವಿನಾಗ ಇರತೈತಿ, ಮಗನಿಗೆ ತೋಟ ಬಿಟ್ಟ ಕದಲಾಕ ಬರೂದಿಲ್ಲ."

ಸೊಸೆಗೆ ದವಾಖಾನೆಯವರು ಕೊಟ್ಟ ಹೆರಿಗೆಯ ದಿನ ನವೆಂಬರ್ 28. ಆ ಹೊತ್ತಿಗೆ ಮೊದಲನೇ ಕೂಸಿಗೆ ಹದಿನಾಲ್ಕು ತಿಂಗಳು ತುಂಬಿರುತ್ತದೆ.