ಕಾಂಕ್ರೀಟು ಮೇಸ್ತ್ರಿ

ಚಿತ್ರದುರ್ಗದ ಸೀಮೆಯಲ್ಲಿ ಮನೆಯೆಂಬುದೊಂದನ್ನು ಕಟ್ಟಿಸಿ, ಸಾಲ ತೀರುವ ಮೊದಲೇ ಕಾರೆಂಬುದೊಂದನ್ನು ಕೊಂಡು, ಗೇಟಿನಿಂದ ಹೊಸ್ತಿಲವರೆಗಿನ ಮಣ್ಣಿಗೆ ಕಾಂಕ್ರೀಟು ಹಾಕಿಸಬೇಕೆಂದು ಸಂಕಲ್ಪಿಸಿದ ಗೃಹಸ್ಥನು ಕಾಂಕ್ರೀಟು ಮೇಸ್ತ್ರಿಯ ವಶವಾಗದೆ ವಿಧಿಯಿಲ್ಲ. ಈತನು ಹಿರಿಯೂರಿನವನಾದರೆ ಈತನ ಮುತ್ತಾತನು ಮಾರಿಕಣಿವೆಯ ಅಣೆಕಟ್ಟೆಗೆ ಗಾರೆ ಅರೆದವನು. ದುರ್ಗದವನಾದರೆ ಏಳುಸುತ್ತಿನ ಕೋಟೆಗೆ ಕಲ್ಲು ಹೊತ್ತ ವಂಶದವನು. ಹೊಳಲ್ಕೆರೆಯವನಾದರೆ ಬಯಲು ಗಣಪತಿಯನ್ನು ನಿಲ್ಲಿಸಿದವರಿಗೆ ಹೇಗೋ ಬಂಧು. ಹೊಸದುರ್ಗದವನು ಮಾತ್ರ ಪೂರ್ವಜರ ಗೋಜಿಗೆ ಹೋಗದೆ ನೇರವಾಗಿ ಮುಂಗಡ ಕೇಳುತ್ತಾನೆ. 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಗೆ ಹಿರಿಯೂರಿನ ಮೇಸ್ತ್ರಿಗಳೆಲ್ಲರ ಮುತ್ತಾತಂದಿರೂ ದುಡಿದದ್ದು ದಿಟವಾಗಿದ್ದರೆ ಅದು ಶಿರಾದವರೆಗೆ ಬೆಳೆದಿರಬೇಕಾಗಿತ್ತು.

ಬೆಳಗ್ಗೆ ಆರಕ್ಕೆ ಬರುವೆನೆಂದವನು ಹತ್ತೂವರೆಗೆ ಬರುವುದನ್ನೂ, ರಸಮಟ್ಟವನ್ನು ಮನೆಯಲ್ಲಿ ಮರೆತು ಕಣ್ಣಳತೆಯಲ್ಲೇ ವಾಟ ಕೊಡುವುದನ್ನೂ ಕ್ಷಮಿಸಬಹುದು. ಕ್ಷಮಿಸಲಾಗದುದು ಆತನ ನೀರಿನ ನೀತಿ.

50 ಕಿಲೋ ಸಿಮೆಂಟಿನ ಚೀಲವೊಂದಕ್ಕೆ 25 ಲೀಟರಿನ ಆಸುಪಾಸಿನಲ್ಲಿ ನೀರು ಸಾಕೆಂದೂ, ಮಿಕ್ಕದ್ದು ಆವಿಯಾಗಿ ಹೋಗುವಾಗ ಒಳಗೆ ಸೂಕ್ಷ್ಮರಂಧ್ರಗಳನ್ನು ಬಿಟ್ಟು ಬಲವನ್ನು ಕುಂದಿಸುವುದೆಂದೂ ಎಲ್ಲಿಯೋ ಓದಿಕೊಂಡಿದ್ದ ನಾನು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೊಡೆ ಹಿಡಿದು, ಅಳತೆಯ ಡಬ್ಬವೊಂದನ್ನು ಎದೆಗವಚಿಕೊಂಡು, ಮಿಕ್ಸರಿನ ಪಕ್ಕದಲ್ಲಿ ನಿಂತೆನು. ಮೇಸ್ತ್ರಿಯು ನನ್ನ ಉಪನ್ಯಾಸವನ್ನು ಪರಮವಿನಯದಿಂದ ಆಲಿಸಿ, “ಸರಿ ಸ್ವಾಮಿ, ನೀವು ಹೇಳ್ದಂಗೇ ಆಗ್ಲಿ,” ಎಂದನು. ಚಹ ತರಲೆಂದು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಕೊಡಗಟ್ಟಲೆ ನೀರು ಕುಡಿದ ಕಲಸು ಗಂಜಿಯಾಗಿ ಗೇಟಿನತ್ತ ತಾನೇ ಹರಿದು ಹೊರಟಿತ್ತು.

“ಏನಯ್ಯಾ ಇದು?”

“ಪುಸ್ತಕದ ನೀರೇ ಬ್ಯಾರೆ, ನಮ್ಮ ಬಿಸ್ಲಿನ ನೀರೇ ಬ್ಯಾರೆ ಸ್ವಾಮಿ. ಇಷ್ಟಿಲ್ದಿದ್ರೆ ಕರಣೆ ಓಡಲ್ಲ.”

ಇಂತಹ ಉದಾರಿಯು ಮಾರನೆಯ ದಿನವೇ ಕಡುಲೋಭಿಯಾಗುತ್ತಾನೆ. ಒಣಹವೆಯ, ಬಿಸಿಲಿನ ಪ್ರದೇಶದಲ್ಲಿ ಕನಿಷ್ಠ 10 ದಿನ ಕಾಂಕ್ರೀಟಿನ ತೇವ ಆರಗೊಡಬಾರದೆಂಬುದು ಭಾರತೀಯ ಮಾನಕದ ವಿಧಿ. ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬೇಕು, ಇಲ್ಲವೇ ನೆನೆದ ಗೋಣಿಚೀಲ ಹೊದಿಸಬೇಕು. ಕ್ಯೂರಿಂಗಿನ ಮಾತೆತ್ತಿದರೆ ನಮ್ಮ ಮೇಸ್ತ್ರಿಯು ಆಕಾಶವನ್ನು ನೋಡಿ, “ರಾತ್ರಿ ಮಂಜು ಬೀಳ್ತದೆ ಬಿಡಿ,” ಎನ್ನುತ್ತಾನೆ. ಚೈತ್ರಮಾಸದ ಹಿರಿಯೂರಿನಲ್ಲಿ ಮಂಜು! ಎಂಟು ಹತ್ತು ಅಡಿಗೊಂದರಂತೆ ಗೆರೆ ಕೊಯ್ದು ಬಿಡೆಂದರೆ, ಚೆನ್ನಾಗಿರುವ ನೆಲವನ್ನು ಸೀಳುವುದೇಕೆಂದು ಮರುಗುತ್ತಾನೆ. ನಾವು ಗೆರೆ ಕೊಡದಿದ್ದರೆ ಕಾಂಕ್ರೀಟು ತನ್ನ ಗೆರೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಮೂರನೆಯ ದಿನ ನಾನು ಬೆರಳಿಟ್ಟು ತೋರಿಸಿದಾಗ, “ಅದು ಬಿರುಕಲ್ಲ ಸ್ವಾಮಿ, ಕೂದಲೆಳೆ,” ಎಂದು ಆತನು ಸಮಾಧಾನ ಹೇಳಿದನು. ಆ ಕೂದಲು ದೀಪಾವಳಿಯ ಹೊತ್ತಿಗೆ ಗೇಟಿನಿಂದ ತುಳಸೀಕಟ್ಟೆಯವರೆಗೆ ಜಡೆಯಾಗಿ ಬೆಳೆದಿತ್ತು.

ಆದರೂ ಆತನನ್ನು ಬಯ್ಯಲು ಹೊರಟ ನಾಲಗೆ ಅರ್ಧದಲ್ಲಿಯೇ ತಡೆಯುತ್ತದೆ. ಮಧ್ಯಾಹ್ನದ ಊಟಕ್ಕೆ ಹೊಂಗೆಯ ನೆರಳಿನಲ್ಲಿ ಕುಳಿತು ಮುದ್ದೆ ಮುರಿಯುವಾಗ ಆತನ ಬೆರಳುಗಳನ್ನು ನೋಡಿದ್ದೇನೆ: ಸಿಮೆಂಟಿನ ಸುಣ್ಣ ತಿಂದು ತುದಿಗಳ ಗೆರೆಗಳೇ ಸವೆದುಹೋಗಿವೆ, ಪಡಿತರದ ಅಂಗಡಿಯ ಯಂತ್ರ ಆತನ ಹೆಬ್ಬೆರಳನ್ನು ಗುರುತಿಸಲೊಲ್ಲದು. ಇನ್ನು ನೀರಿನ ವಿಷಯ. ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಈ ಎರಡರ ನಡುವೆ ಹುಟ್ಟಿ, ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ಓಡಿ ಬೆಳೆದವನಿಗೆ, ಗಟ್ಟಿಯಾದ ನೆಲಕ್ಕೆ ಹತ್ತು ದಿನ ನೀರು ನಿಲ್ಲಿಸುವುದು ಶ್ರೀಮಂತರ ಹುಚ್ಚಾಟವಾಗಿ ತೋರಿದರೆ ಆಶ್ಚರ್ಯವೇನು? ಆತನ ಸ್ವಂತ ಮನೆಯ ಅಂಗಳವು ಇಂದಿಗೂ ಮಣ್ಣಿನದು. ಹೆಂಡತಿ ದಿನವೂ ಸಗಣಿ ಸಾರಿಸುತ್ತಾಳೆ, ಬಿರುಕಿಲ್ಲ.

ಆದುದರಿಂದ ಈ ಸೀಮೆಯಲ್ಲಿ ಅಂಗಳಕ್ಕೆ ಕಾಂಕ್ರೀಟು ಹಾಕಿಸಹೊರಟ ಮಹನೀಯರಲ್ಲಿ ನನ್ನದೊಂದು ವಿಜ್ಞಾಪನೆ. ಕಾರ್ತಿಕದವರೆಗೆ ತಾಳಿರಿ, ತಾಳಲಾಗದಿದ್ದರೆ ಇಳಿಹೊತ್ತಿನ ಮೇಲೆ ಕೆಲಸ ಹಿಡಿಸಿರಿ. ಚಹವನ್ನು ಬೇರೆಯವರ ಕೈಯಲ್ಲಿ ತರಿಸಿರಿ. ಗೋಣಿಚೀಲಗಳನ್ನು ನೀವೇ ಕೊಂಡಿಟ್ಟುಕೊಳ್ಳಿರಿ; ಆತನು ತರುವುದಿಲ್ಲ.