ಎರಡು ಪವನಿನ ಚಿನ್ನ

ನಮ್ಮ ಕುಮಾರಸ್ವಾಮಿ ಲೇಔಟಿನ ಬೀದಿಯಲ್ಲಿ ಕಾಂಪೌಂಡುಗಳೆಲ್ಲ ಎದೆಮಟ್ಟ. ಸಂಜೆ ಗಿಡಕ್ಕೆ ನೀರು ಬಿಡುವ ಹೊತ್ತಿಗೆ ಆ ಕಡೆ ಶೆಟ್ರು, ಈ ಕಡೆ ನಾನು. ಮೊನ್ನೆ ಅವರ ಮಗ ವೇಲ್ಸಿನಿಂದ ಕಳಿಸಿದ ವಿಡಿಯೊ ತೋರಿಸಿದರು. ಗುಡ್ಡದ ಮೇಲೆ ಒಂದು ನಾಯಿ ನಾಲ್ಕೈದು ಕುರಿಗಳನ್ನು ತರುಬಿಕೊಂಡು ಬರುತ್ತಿದೆ. ದೂರದಲ್ಲಿ ನಿಂತವನು ಒಂದು ಸಿಳ್ಳೆ ಹಾಕಿದರೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಕೊನೆಗೆ ಕುರಿಗಳನ್ನು ದೊಡ್ಡಿಗೆ ಹೊಗಿಸಿದರೆ ಆಟ ಮುಗಿಯಿತು. ಅಲ್ಲಿ ಬಾಲಾ ಎಂಬ ಊರಲ್ಲಿ 1873ರಲ್ಲೇ ಈ ಪಂದ್ಯ ನಡೆದಿತ್ತು. ಗೆದ್ದವನು ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದ್ದವನು, ಅವನ ನಾಯಿ ಟ್ವೀಡ್.

"ನಾಯಿ ಹೆಸರೂ ಉಳಿದಿದೆಯಲ್ಲ!" ಎಂದೆ.

"ಉಳಿಯದೆ ಏನು ಮಾರಾಯ್ರೆ? ನಮ್ಮಲ್ಲಿಯೂ ಕೋಣದ ಹೆಸರು ಹೇಳಿದ್ರೆ ಸಾಕು, ಯಜಮಾನ್ರು ಯಾರು ಅಂತ ಗೊತ್ತಾಗ್ತದೆ."

ಶೆಟ್ರದು ಕಾರ್ಕಳದ ಕಡೆ. ಅಲ್ಲಿಂದ ಮಾತು ಕಂಬಳಕ್ಕೆ ಹೊರಳಿದ್ದು ನಿಲ್ಲಲೇ ಇಲ್ಲ.

ಕಂಬಳ ನಾನು ಕಣ್ಣಾರೆ ಕಂಡದ್ದು ಇಲ್ಲೇ, 2023ರ ನವೆಂಬರ್ 25 ಮತ್ತು 26ರಂದು ಅರಮನೆ ಮೈದಾನದಲ್ಲಿ ನಡೆದಾಗ. ಶೆಟ್ರೂ ನಾನೂ ಯಲಚೇನಹಳ್ಳಿಯಲ್ಲಿ ಮೆಟ್ರೊ ಹತ್ತಿ ಹೋಗಿದ್ದೆವು. ಅದೇ ವರ್ಷ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಂಬಳಕ್ಕೆ ಅನುವು ಮಾಡಿಕೊಟ್ಟ ರಾಜ್ಯದ ಕಾನೂನನ್ನು ಎತ್ತಿಹಿಡಿದಿತ್ತು. ಕಂಬಳ ನಿಂತೇ ಹೋದೀತೆಂದು 2014ರಿಂದ ಇದ್ದ ಆತಂಕ ಕಳೆದು ಊರಿನವರ ಮುಖದಲ್ಲಿ ಕಳೆ ಬಂದಿತ್ತು.

ಅರಮನೆ ಮೈದಾನದಲ್ಲಿ ಮೊದಲ ಬಹುಮಾನ 16 ಗ್ರಾಂ ಚಿನ್ನ, ಒಂದು ಲಕ್ಷ ರೂಪಾಯಿ. ಊರಿನ ಲೆಕ್ಕದಲ್ಲಿ ಎರಡು ಪವನು. ಆ ಎರಡು ಪವನಿಗಾಗಿ ವರ್ಷವಿಡೀ ಬೇಯಿಸಿದ ಹುರುಳಿ ಹಾಕಿ, ಎಣ್ಣೆ ತಿಕ್ಕಿ, ಕೆರೆಯಲ್ಲಿ ಈಜಿಸಿ, ಆಳಿಟ್ಟು ಕೋಣ ಸಾಕುತ್ತಾರೆ. ಖರ್ಚು ಕೂಡಿಸಿದರೆ ಚಿನ್ನ ಯಾವ ಮೂಲೆಗೂ ಸಾಲದು.

"ಚಿನ್ನಕ್ಕಾಗಿ ಯಾರು ಸಾಕ್ತಾರೆ? ಮಂಜೊಟ್ಟಿಯಲ್ಲಿ ನಮ್ಮ ಕೋಣ ಮೊದಲು ಮುಟ್ಟಿತು ಅಂತ ಮೈಕಿನಲ್ಲಿ ಹೇಳ್ತಾರಲ್ಲ, ಅದಕ್ಕೆ," ಅಂದರು ಶೆಟ್ರು.

ಓಟ ಶುರುವಾಗುವ ಗಂತಿನಲ್ಲಿ ಕೋಣ ಬಿಟ್ಟರೆ ಕೊನೆಯ ಮಂಜೊಟ್ಟಿ ಮುಟ್ಟುವವರೆಗೆ ಹತ್ತು ಹದಿನೈದು ಸೆಕೆಂಡಿನ ಆಟ. ಜೋಡುಕರೆಯಲ್ಲಿ ಎರಡು ಜೊತೆ ಅಕ್ಕಪಕ್ಕ ಓಡುವಾಗ ಕೆಸರುನೀರು ಗೋಡೆಯ ಹಾಗೆ ಏಳುತ್ತದೆ. ಒಳಗೆ ಕೋಣದ ಕೊಂಬು, ಓಡಿಸುವವನ ತಲೆಪಟ್ಟಿ ಬಿಟ್ಟರೆ ಏನೂ ಕಾಣುವುದಿಲ್ಲ. ಸೋಲುಗೆಲುವು ಸೆಕೆಂಡಿನ ನೂರನೇ ಭಾಗದಲ್ಲಿ.

2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಬೋಲ್ಟ್ ಬೋಲ್ಟ್ ಎಂದಿತು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು ಅದನ್ನೂ ಮೀರಿಸಿದರು. ನನಗೆ ಮೆಚ್ಚಿಗೆಯಾದದ್ದು ಗೌಡರು ಆಗ ಆಡಿದ ಮಾತು. ತನ್ನ ವೇಗದಲ್ಲಿ ಕೋಣಗಳ ಪಾಲೂ ಇದೆ, ಕೆಸರಿನ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂದು ಕ್ರೀಡಾ ಪ್ರಾಧಿಕಾರದ ಪರೀಕ್ಷೆಯ ಕರೆಯನ್ನು ಒಪ್ಪಲಿಲ್ಲ. ಜೊತೆ ಓಡಿದ ಪ್ರಾಣಿಗೆ ಪಾಲು ಕೊಡುವ ಆಟಗಾರ ದೊಡ್ಡವನು.

ಇನ್ನೊಂದು ವಿಷಯ. ಒಬ್ಬನೇ ಓಟಗಾರ ಒಂದೇ ಕೂಟದಲ್ಲಿ ನೇಗಿಲು ವಿಭಾಗದಲ್ಲಿ ಒಬ್ಬ ಯಜಮಾನರ ಕೋಣ ಓಡಿಸುತ್ತಾನೆ, ಹಗ್ಗ ವಿಭಾಗದಲ್ಲಿ ಇನ್ನೊಬ್ಬರದು. ಅದರಲ್ಲಿ ಗುಟ್ಟೂ ಇಲ್ಲ, ಮುನಿಸೂ ಇಲ್ಲ. ಮರುದಿನದ ಪತ್ರಿಕೆಯಲ್ಲಿ ಯಜಮಾನರ ಹೆಸರಿನ ಕೆಳಗೇ "ಓಡಿಸಿದವರು", "ಹಲಗೆ ಮುಟ್ಟಿದವರು" ಎಂದು ಓಟಗಾರರ ಹೆಸರೂ ಬರುತ್ತದೆ.

ನನ್ನ ಒಲವು ಕನೆಹಲಗೆ ವಿಭಾಗಕ್ಕೆ. ಅಲ್ಲಿ ಪಕ್ಕದವನನ್ನು ಸೋಲಿಸುವ ಪ್ರಶ್ನೆಯಿಲ್ಲ. ತೂತಿರುವ ದುಂಡು ಮರದ ಮೇಲೆ ಒಂದು ಕಾಲೂರಿ ಓಡಿಸುತ್ತಾರೆ. ತೂತಿನಿಂದ ಚಿಮ್ಮಿದ ನೀರು ಮೇಲೆ ಅಡ್ಡಕ್ಕೆ ಕಟ್ಟಿದ ಬಟ್ಟೆಯ ನಿಶಾನೆ ಮುಟ್ಟಬೇಕು, ಆರೂವರೆ ಕೋಲು ಇಲ್ಲವೆ ಏಳೂವರೆ ಕೋಲು ಎತ್ತರದಲ್ಲಿ. ಬಟ್ಟೆ ಒದ್ದೆಯಾದ ಕ್ಷಣ ಇಡೀ ಮೈದಾನ ಒಂದೇ ಕೂಗು. ಬೆತ್ತ ಬೀಸುವುದಕ್ಕಿಂತ ಹಲಗೆಯ ಮೇಲೆ ಹದವಾಗಿ ನಿಲ್ಲುವುದೇ ಅಲ್ಲಿ ವಿದ್ಯೆ.

ಶೆಟ್ರು ಒಪ್ಪುವುದಿಲ್ಲ. "ಹಗ್ಗ ಹಿರಿಯ ಫೈನಲ್ ನೋಡ್ಬೇಕು ನೀವು, ಬೆಳಗಿನ ಜಾವ. ಆಗ ಉಂಟು ಗಮ್ಮತ್ತು."

"ಅಷ್ಟು ಹಟದಿಂದ ಓಡಿಸಿ ಸೋತವರಿಗೆ ಬೇಸರ ಆಗಲ್ವೇನ್ರೀ?"

"ಆಗ್ತದೆ. ಆದ್ರೆ ಅವರೇ ಬಂದು ಗೆದ್ದ ಕೋಣದ ಬೆನ್ನು ಸವರಿ, ಮೀನಖಂಡ ಹಿಡಿದು ನೋಡಿ, 'ಎಷ್ಟಕ್ಕೆ ಕೊಡ್ತೀರಿ?' ಅಂತ ಕೇಳ್ತಾರೆ."

"ಕೊಡ್ತಾರಾ?"

"ಎಷ್ಟು ಲಕ್ಷ ಹೇಳಿದ್ರೂ ಇಲ್ಲ. ಚಾ ಕೊಟ್ಟು ಕಳಿಸ್ತಾರೆ."